ಮಾತಿನ ಮಸುಕು ಮತ್ತು ಬರೆದುಕೊಳ್ಳುವವನ ಹೊಣೆ

ಜನರ ದೈನಂದಿನ ಸಂಭಾಷಣೆ ಮಸುಕಾದುದು, ಅದನ್ನು ತಿದ್ದಿ ನಿಖರಗೊಳಿಸುವುದೇ ಇತಿಹಾಸಕಾರನ ಕಾರ್ಯ ಎಂಬ ಅಭಿಪ್ರಾಯವು ನಮ್ಮಲ್ಲಿ ಬಹುಮಟ್ಟಿಗೆ ರೂಢವಾಗಿದೆ. ಬಾಯಿಮಾತಿನ ಸಾಮಗ್ರಿಯನ್ನು ಆಧರಿಸಿದ ವಿದ್ಯಾರ್ಥಿಪ್ರಬಂಧಗಳಲ್ಲಿ ಇದರ ಫಲವು ಪದೇಪದೇ ಕಣ್ಣಿಗೆ ಬೀಳುತ್ತದೆ. ಈ ಅಭಿಪ್ರಾಯವು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ನಮ್ಮ ಜಿಲ್ಲೆಯ ಮಾತುಗಳಿಂದಲೇ ಪರೀಕ್ಷಿಸುವುದು ಉಚಿತವೆಂದು ತೋರುತ್ತದೆ.

ಮೊದಲಿಗೆ ಎರಡು ಲಕ್ಷಣಗಳನ್ನು ಬೇರ್ಪಡಿಸಬೇಕು. 'ಮೊನ್ನೆ' ಎಂದರೆ ನಿನ್ನೆಯ ಹಿಂದಿನ ದಿನವೋ ಅಥವಾ ಈಚಿನ ದಿನಗಳೋ ಎಂಬುದು ಸಂದಿಗ್ಧತೆ. ಈಚಿನ ದಿನಗಳೆಂದೇ ಆದರೆ ಅವು ಎಲ್ಲಿಂದ ಮೊದಲಾಗುವುವು ಎಂಬುದು ಅಸ್ಪಷ್ಟತೆ. ಬರ್ಟ್ರಂಡ್ ರಸೆಲರು 1923ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಅಸ್ಪಷ್ಟತೆಯಿರುವುದು ವಸ್ತುಗಳಲ್ಲಲ್ಲ, ಅವನ್ನು ನಿರೂಪಿಸುವ ಸಾಧನದಲ್ಲಿ ಎಂದು ವಾದಿಸಿದರು. ವಾದವು ಸರಿಯಾದುದೇ, ಆದರೆ ಆಡುವವನ ಮಾತಿನಂತೆ ಬರೆದುಕೊಳ್ಳುವವನ ಲೇಖನಿಯೂ ನಿರೂಪಣೆಯ ಸಾಧನವೆಂಬುದನ್ನು ನಾವು ಮರೆಯುತ್ತೇವೆ.

ಅದೇ 1923ರಲ್ಲಿ ನೇತ್ರಾವತಿಯು ಉಕ್ಕಿ ಬಂಟ್ವಾಳದ ಪೇಟೆಯನ್ನು ಮುಳುಗಿಸಿತು. ತುಳುವರ ನಾಲಗೆಯಲ್ಲಿ ಅದು 'ಮಾರಿ ಬೊಳ್ಳ'. 'ಬೊಳ್ಳದ ವರ್ಷ ಮನೆ ಬಿತ್ತು' ಎಂಬ ಮಾತು ಆ ಕಾಲದವರಿಗೆ ಪಂಚಾಂಗದಷ್ಟೇ ಖಚಿತವಾಗಿತ್ತು. 1974ರಲ್ಲಿ ಇನ್ನೊಂದು ಮಹಾಪ್ರವಾಹವು ಬಂದ ಬಳಿಕ ಅದೇ ಮಾತಿಗೆ ಎರಡು ಅರ್ಥಗಳು ಒದಗಿದುವು. ಯಾರು, ಯಾವ ವಯಸ್ಸಿನವರು, ಯಾವ ಮನೆಯನ್ನು ಕುರಿತು ಹೇಳಿದರೆಂದು ವಿಚಾರಿಸದೆ ಇಸವಿಯನ್ನು ತುಂಬಿದವನು 51 ವರ್ಷಗಳ ತಪ್ಪನ್ನು ಮಾಡಬಲ್ಲನು. ಆ ತಪ್ಪು ಹೇಳಿದವರದಲ್ಲ.

ಇದಕ್ಕಿಂತಲೂ ಗುರುತರವಾದ ನಿದರ್ಶನವು 'ನಮ್ಮ' ಎಂಬ ಪುಟ್ಟ ಶಬ್ದದಲ್ಲಿದೆ. ತುಳುವಿನಲ್ಲಿ 'ನಮ್ಮ ಕಂಡ' ಎಂದರೆ ಕೇಳುವವನನ್ನೂ ಕೂಡಿಕೊಂಡು ನಮ್ಮೆಲ್ಲರ ಗದ್ದೆ. 'ಎಂಕ್ಲೆನ ಕಂಡ' ಎಂದರೆ ಕೇಳುವವನನ್ನು ಬಿಟ್ಟು ನಮ್ಮದು. ಕನ್ನಡದಲ್ಲಿ ಬರೆದುಕೊಂಡೊಡನೆ ಎರಡೂ 'ನಮ್ಮ ಗದ್ದೆ'ಯಾಗುತ್ತವೆ. ಸ್ಪಷ್ಟವಾಗಿ ಆಡಿದ ಮಾತನ್ನು ಇಲ್ಲಿ ಸಂದಿಗ್ಧಗೊಳಿಸಿದವನು ಲಿಪಿಕಾರನೇ ಹೊರತು ಒಕ್ಕಲಲ್ಲ.

ಒಡೆತನ, ಸಾಗುವಳಿ ಎರಡನ್ನೂ ಸೂಚಿಸುವ ಇನ್ನೊಂದು ಸಂದಿಗ್ಧತೆ ಆ ಶಬ್ದದಲ್ಲಿಯೇ ಇದೆ. ಒಂದೇ ಗದ್ದೆಯನ್ನು ಧಣಿಯೂ ಚಾಲಗೇಣಿಯ ಒಕ್ಕಲೂ 'ನಮ್ಮದು' ಎನ್ನುತ್ತಿದ್ದರು. ಗೇಣಿ ಸಲ್ಲುತ್ತಿದ್ದಷ್ಟು ಕಾಲ ಆ ಶಬ್ದವನ್ನು ಒಡೆದು ನೋಡುವ ಅಗತ್ಯ ಯಾರಿಗೂ ಇರಲಿಲ್ಲ. ಭೂಸುಧಾರಣಾ ಶಾಸನದ ತಿದ್ದುಪಡಿಯು 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿಯ ಭೂಮಿಯು ಸರಕಾರಕ್ಕೆ ಸೇರಿ, ಒಕ್ಕಲುಗಳು ಭೂನ್ಯಾಯಮಂಡಳಿಯ ಮುಂದೆ ಹಕ್ಕನ್ನು ಕೋರಬೇಕಾಗಿ ಬಂದಾಗ ಯಾವ ಅರ್ಥದಲ್ಲಿ 'ನಮ್ಮದು' ಎಂಬುದೇ ಪ್ರಶ್ನೆಯಾಯಿತು. ಗೇಣಿಚೀಟಿಯಿಲ್ಲದ ಒಕ್ಕಲಿಗೆ ಆ ಉತ್ತರದ ಮೇಲೆ ಬದುಕೇ ನಿಂತಿತ್ತು. ಅಂದಿನ ನೆನಪುಗಳನ್ನು ಇಂದು ಸಂಗ್ರಹಿಸುವವನು ಈ ಶಬ್ದವನ್ನು ಹಗುರಾಗಿ ಅನುವಾದಿಸಲಾಗದು.

ಬೇಕೆಂದೇ ಮಸುಕಾಗಿ ಆಡುವ ಮಾತುಗಳೂ ಉಂಟು. ಸಾಲ ಕೇಳಿದವರಿಗೆ ಮಂಗಳೂರಿನವರು 'ನೋಡುವ' ಎಂದರೆ ಅದು ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ಇಬ್ಬರ ಮುಖವನ್ನೂ ಉಳಿಸುವ ಉಪಾಯ. ಅದನ್ನು 'ಒಪ್ಪಿದರು' ಎಂದು ಬರೆದುಕೊಂಡರೆ ನಿಖರತೆಯ ಹೆಸರಿನಲ್ಲಿ ಸುಳ್ಳನ್ನು ದಾಖಲಿಸಿದಂತಾಗುವುದು.

ಹಾಗಾದರೆ ಎಲ್ಲವನ್ನೂ ಮಸುಕಾಗಿಯೇ ಬಿಟ್ಟು ಇತಿಹಾಸವನ್ನು ಬರೆಯುವುದೆಂತು ಎಂಬ ಆಕ್ಷೇಪವು ಸಹಜ. ಅನೇಕಾರ್ಥವುಳ್ಳ ಶಬ್ದದ ಅರ್ಥವನ್ನು ನಿರ್ಣಯಿಸುವ ಸಾಧನಗಳಲ್ಲಿ ಸಾಹಚರ್ಯ, ಪ್ರಕರಣ, ದೇಶ, ಕಾಲಗಳನ್ನು ಭರ್ತೃಹರಿಯು 'ವಾಕ್ಯಪದೀಯ'ದಲ್ಲಿ ಎಣಿಸಿದ್ದಾನೆ. ನಮಗೆ ಬೇಕಾದ ಕ್ರಮವೂ ಅದೇ. ಹೇಳಿದ ಶಬ್ದವನ್ನು ಹೇಳಿದ ಭಾಷೆಯಲ್ಲಿಯೇ ಬರೆದುಕೊಂಡು, ಕೇಳಿದ ಪ್ರಶ್ನೆ, ಸ್ಥಳ, ಎದುರಿಗಿದ್ದವರು ಇವನ್ನು ಅದರೊಡನೆ ನಮೂದಿಸಬೇಕು; ನಮ್ಮ ನಿರ್ಣಯವನ್ನು ನಮ್ಮದೆಂದೇ ಬೇರೆಯಾಗಿ ಬರೆಯಬೇಕು. ನಿರ್ಣಯವು ತಪ್ಪಾದಲ್ಲಿ ಮುಂದಿನವರು ಅದನ್ನು ತಿದ್ದಬಲ್ಲರು. ಮೂಲದ ಮಾತನ್ನೇ ಅಳಿಸಿಬಿಟ್ಟರೆ ತಿದ್ದುವುದಕ್ಕೂ ಆಧಾರ ಉಳಿಯುವುದಿಲ್ಲ.