ಅಕ್ಕಿಕಾಳಿಗಿಂತ ಚಿಕ್ಕ ನಾವಿಕ

ಜಪಾನಿನ ಕುರೆ ಎಂಬ ಬಂದರು ನಗರದಲ್ಲಿ 2005ರಲ್ಲಿ ತೆರೆದ ವಸ್ತುಸಂಗ್ರಹಾಲಯವೊಂದಿದೆ. ಅದರ ನಡುಮನೆಯಂಥ ಎತ್ತರದ ಸಭಾಂಗಣದಲ್ಲಿ 26.3 ಮೀಟರ್ ಉದ್ದದ ಯುದ್ಧನೌಕೆ ನಿಂತಿದೆ. ಇದು ‘ಯಮಾತೊ’ ಎಂಬ ಹಡಗಿನ ಹತ್ತನೇ ಒಂದು ಅಳತೆಯ ಮಾದರಿ. ಮೂಲ ಹಡಗು ಇದೇ ಊರಿನ ನೌಕಾ ಕಾರ್ಖಾನೆಯಲ್ಲಿ ತಯಾರಾಗಿ 1941ರ ಡಿಸೆಂಬರ್‌ನಲ್ಲಿ ನೌಕಾಪಡೆಯನ್ನು ಸೇರಿತು. 1945ರ ಏಪ್ರಿಲ್ 7ರಂದು, ಓಕಿನಾವಾದತ್ತ ಹೊರಟ ದಾರಿಯಲ್ಲಿ ಅಮೆರಿಕದ ವಿಮಾನಗಳ ದಾಳಿಗೆ ಸಿಕ್ಕಿ ಮುಳುಗಿತು. ಅದರಲ್ಲಿದ್ದ ಸುಮಾರು 3,300 ಜನರ ಪೈಕಿ ಬದುಕಿ ಬಂದವರು ಮುನ್ನೂರಕ್ಕೂ ಕಡಿಮೆ.

ಇಂಥ ಮಾದರಿಯ ಮುಂದೆ ನಿಂತವರು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ. ಮೊದಲು ಬೆರಗಾಗುತ್ತಾರೆ, ಆಮೇಲೆ ‘ಎಷ್ಟು ಕರಾರುವಾಕ್ಕಾಗಿದೆ’ ಎಂದು ಹೊಗಳುತ್ತಾರೆ. ಮಾದರಿಯನ್ನು ಯಾರೂ ಓದುವುದಿಲ್ಲ. ಕಾದಂಬರಿಯನ್ನು ಓದಿದ ಮೇಲೆ ಅದು ಏನನ್ನು ಹೇಳಿತು, ಯಾವುದನ್ನು ಬಿಟ್ಟಿತು, ಯಾರ ಕಣ್ಣಿನಿಂದ ಕಂಡಿತು ಎಂದು ಕೇಳುವ ನಾವು ಮಾದರಿಗೆ ಆ ಪ್ರಶ್ನೆಗಳನ್ನು ಕೇಳುವುದಿಲ್ಲ. ಆದರೆ ಮಾದರಿಯೂ ಒಂದು ಕಥನವೇ. ಅದಕ್ಕೂ ಆಯ್ಕೆಯಿದೆ, ಮೌನವಿದೆ, ದೃಷ್ಟಿಕೋನವಿದೆ.

ನಮ್ಮ ಕಾವ್ಯಮೀಮಾಂಸೆಯಲ್ಲಿ ಸ್ವಭಾವೋಕ್ತಿಯ ಬಗ್ಗೆ ಒಂದು ಹಳೆಯ ಜಗಳವಿದೆ. ವಸ್ತುವನ್ನು ಇದ್ದಹಾಗೆ ಹೇಳುವುದು ಅಲಂಕಾರವೇ? ದಂಡಿ ಅದನ್ನು ಅಲಂಕಾರಗಳ ಪಟ್ಟಿಯ ಮೊದಲಿಗೇ ಇಟ್ಟ. ಭಾಮಹನಿಗೆ ಅನುಮಾನ. ಮಾತಿನಲ್ಲಿ ವಕ್ರತೆಯಿಲ್ಲದೆ ಇದ್ದದ್ದನ್ನು ಇದ್ದಂತೆ ಒಪ್ಪಿಸಿದರೆ ಅದು ಬರಿಯ ವಾರ್ತೆ, ಕಾವ್ಯವಲ್ಲ ಎಂಬುದು ಅವನ ಧಾಟಿ. ಅಳತೆಗೆ ತಕ್ಕಂತೆ ಕಟ್ಟಿದ ಹಡಗಿನ ಮಾದರಿ ಸ್ವಭಾವೋಕ್ತಿಯ ತುತ್ತತುದಿ. ಅದರಲ್ಲಿ ಉಪಮೆಯಿಲ್ಲ, ಉತ್ಪ್ರೇಕ್ಷೆಯಿಲ್ಲ. ಹೊಗೆಕೊಳವೆ ಇದ್ದಲ್ಲಿ ಹೊಗೆಕೊಳವೆ, ಫಿರಂಗಿ ಇದ್ದಲ್ಲಿ ಫಿರಂಗಿ. ಹಾಗಿದ್ದರೆ ಇದು ಬರಿಯ ವಾರ್ತೆಯೋ, ಇದಕ್ಕೆ ಧ್ವನಿಯೂ ಉಂಟೋ?

ಫ್ರಾನ್ಸಿನ ಮಾನವಶಾಸ್ತ್ರಜ್ಞ ಕ್ಲಾದ್ ಲೆವಿಸ್ತ್ರಾಸ್ 1962ರ ತನ್ನ ಪುಸ್ತಕವೊಂದರಲ್ಲಿ ಚಿಕ್ಕ ಪ್ರತಿರೂಪಗಳ ಸುಖ ಎಲ್ಲಿಂದ ಬರುತ್ತದೆ ಎಂದು ಯೋಚಿಸಿದ್ದಾನೆ. ದೊಡ್ಡ ವಸ್ತುವನ್ನು ನಾವು ಭಾಗ ಭಾಗವಾಗಿ ಅರಿಯುತ್ತ ಇಡಿಯತ್ತ ಹೋಗುತ್ತೇವೆ. ಚಿಕ್ಕದಾದಾಗ ಇಡಿಯೇ ಮೊದಲು ಕಾಣುತ್ತದೆ, ಭಾಗಗಳು ಆಮೇಲೆ. ವಸ್ತು ನಮ್ಮ ಹಿಡಿತಕ್ಕೆ ಬಂತೆಂದು ಅನ್ನಿಸುತ್ತದೆ. ಯಮಾತೊದ ವಿಚಾರದಲ್ಲಿ ಈ ಮಾತನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕು. ಆ ಹಡಗನ್ನು ಇಡಿಯಾಗಿ ಕಂಡವರು ಯಾರು? ಕೆಳಗಿನ ಅಂತಸ್ತಿನ ಬಾಯ್ಲರ್ ಕೋಣೆಯಲ್ಲಿ ಬೆವರು ಸುರಿಸಿದವನು ಕಾಣಲಿಲ್ಲ. 263 ಮೀಟರ್ ಉದ್ದದ ಹಡಗಿನಲ್ಲಿ ಅವನಿಗೆ ಗೊತ್ತಿದ್ದದ್ದು ತನ್ನ ಕೋಣೆ, ತನ್ನ ಏಣಿ, ತನ್ನ ಊಟದ ಜಾಗ. ಊರಿನವರೂ ಕಾಣಲಿಲ್ಲ. ಕಟ್ಟುವ ಕೆಲಸ ಗುಟ್ಟಾಗಿ ನಡೆಯಿತು. ನಾಗಾಸಾಕಿಯಲ್ಲಿ ತಯಾರಾದ ಇದರ ಜೋಡಿ ಹಡಗು ‘ಮುಸಾಶಿ’ಯನ್ನು ತಾಳೆ ಜಾತಿಯ ಮರದ ನಾರಿನ ಪರದೆಗಳಿಂದ ಮರೆಮಾಡಿದ್ದರು. ಯೊಶಿಮುರಾ ಅಕಿರಾ ಆ ಹಡಗಿನ ಮೇಲೆ 1966ರಲ್ಲಿ ಬರೆದ ಕೃತಿ ಶುರುವಾಗುವುದೇ ಆ ನಾರು ಪೇಟೆಯಿಂದ ಇದ್ದಕ್ಕಿದ್ದಂತೆ ಮಾಯವಾಗುವುದರಿಂದ. ಎಷ್ಟು ಜಾಣತನದ ಆರಂಭ ಅದು! ಹಡಗನ್ನು ತೋರಿಸದೆ, ಅದನ್ನು ಮುಚ್ಚಿದ ಪರದೆಯಿಂದಲೇ ಅದರ ಗಾತ್ರವನ್ನು ಅಳೆದು ಕೊಡುತ್ತಾನೆ.

ಹಾಗಾದರೆ ಯಮಾತೊವನ್ನು ಮೇಲಿನಿಂದ, ಮೂತಿಯಿಂದ ಬಾಲದವರೆಗೆ ಒಂದೇ ನೋಟದಲ್ಲಿ ಕಂಡವರಲ್ಲಿ ಮುಖ್ಯರು ಆ ಏಪ್ರಿಲ್ 7ರ ಮಧ್ಯಾಹ್ನ ಮೋಡದಿಂದ ಇಳಿದ ವಿಮಾನಗಳ ಚಾಲಕರು. ಕುರೆಯ ಸಭಾಂಗಣದಲ್ಲಿ ಮೇಲಿನ ಮಹಡಿಗೆ ಹತ್ತಿ ಕೆಳಗೆ ನೋಡುವವನಿಗೆ ಸಿಗುವುದು ಅವರ ನೋಟ. ಇದು ಮಾದರಿಯ ತಪ್ಪಲ್ಲ, ಚಿಕ್ಕದಾಗುವ ವಸ್ತುವಿನ ಸ್ವಭಾವ. ಆದರೆ ನಾವು ಯಾರ ಜಾಗದಲ್ಲಿ ನಿಂತು ನೋಡುತ್ತಿದ್ದೇವೆ ಎಂಬುದು ವಿಮರ್ಶೆ ಕೇಳಬೇಕಾದ ಮೊದಲ ಪ್ರಶ್ನೆ.

ಎರಡನೆಯದು ಲೆಕ್ಕದ ಪ್ರಶ್ನೆ. ಮನೆಯ ಮೇಜಿನ ಮೇಲೆ ಕಟ್ಟುವವರ ಮೆಚ್ಚಿನ ಅಳತೆಗಳಲ್ಲಿ ಒಂದು 350ನೇ ಒಂದು. ಆ ಅಳತೆಯಲ್ಲಿ ಯಮಾತೊ 75 ಸೆಂಟಿಮೀಟರ್ ಆಗುತ್ತದೆ. ಉದ್ದ 350 ಪಟ್ಟು ಕುಗ್ಗಿದರೆ ಗಾತ್ರ ನಾಲ್ಕು ಕೋಟಿ ಪಟ್ಟಿಗೂ ಹೆಚ್ಚು ಕುಗ್ಗುತ್ತದೆ. 72,000 ಟನ್ ತೂಗುತ್ತಿದ್ದ ಹಡಗು ಅದೇ ಸಾಂದ್ರತೆ ಉಳಿಸಿಕೊಂಡರೆ ಎರಡು ಕಿಲೋಗೂ ಕಡಿಮೆ. ಐದೂವರೆ ಅಡಿಯ ನಾವಿಕ ಐದು ಮಿಲಿಮೀಟರಿಗೂ ಕಡಿಮೆ, ಅಂದರೆ ಒಂದು ಅಕ್ಕಿಕಾಳಿಗಿಂತ ಚಿಕ್ಕವನು. ಇಡೀ ಹಡಗಿನ ಜನವನ್ನು ಕಾಳಿಗೊಬ್ಬರಂತೆ ಎಣಿಸಿದರೆ ಒಂದು ಹಿಡಿ ಅಕ್ಕಿ. ಹಲವರು ಡೆಕ್ಕಿನ ಮೇಲೆ ಮನುಷ್ಯರನ್ನು ನಿಲ್ಲಿಸುವುದೇ ಇಲ್ಲ. ನಿಲ್ಲಿಸಿದರೂ ಅಳತೆ ತಿಳಿಯಲೆಂದು ನಾಲ್ಕೈದು ಜನ. ಉದ್ದಕ್ಕೆ ಅನುಪಾತವಿದೆ, ತೂಕಕ್ಕೂ ಇದೆ. ಸಾವಿಗೆ ಯಾವ ಅನುಪಾತ?

ಇಲ್ಲಿಗೆ ನಿಲ್ಲಿಸಿದರೆ ಮಾದರಿಗೆ ಅನ್ಯಾಯ ಮಾಡಿದಂತೆ. ಅದು ಮೂಕವಲ್ಲ, ಓದುವ ಕಣ್ಣು ಬೇಕು ಅಷ್ಟೆ. ಯಮಾತೊವನ್ನು ಕಟ್ಟಹೊರಟವನು ಮೊದಲು ಒಂದು ತಾರೀಕನ್ನು ಆರಿಸಿಕೊಳ್ಳಬೇಕಾಗುತ್ತದೆ. ಅದು 1941ರ ಹಡಗೋ, 1945ರದೋ? ಎರಡೂ ಒಂದೇ ಅಲ್ಲ. ಹೊಸದಾಗಿದ್ದಾಗ ಅದರ ಹೆಮ್ಮೆಯೆಲ್ಲ ಒಂಬತ್ತು ಮಹಾ ಫಿರಂಗಿಗಳಲ್ಲಿತ್ತು. ಅವುಗಳ ಬಾಯಿ 46 ಸೆಂಟಿಮೀಟರ್, ಗುಂಡು ಬೀಳುತ್ತಿದ್ದುದು 40 ಕಿಲೋಮೀಟರಿನಾಚೆ. ವಿಮಾನ ಹೊಡೆಯುವ 25 ಮಿಲಿಮೀಟರ್ ತುಪಾಕಿಗಳ ನಳಿಗೆಗಳು ಆಗ ಇಪ್ಪತ್ನಾಲ್ಕು ಮಾತ್ರ. 1944ರಲ್ಲಿ ಎರಡು ಬದಿಗಳಲ್ಲಿದ್ದ ಮಧ್ಯಮ ಫಿರಂಗಿಗಳ ಗೋಪುರಗಳನ್ನು ಕಿತ್ತು ಆ ಜಾಗಕ್ಕೂ ವಿಮಾನ ನಿರೋಧಕ ತುಪಾಕಿಗಳನ್ನು ತಂದು ತುಂಬಿದರು. ಕೊನೆಗೆ ಆ ಸಣ್ಣ ನಳಿಗೆಗಳ ಸಂಖ್ಯೆ 150ರ ಆಸುಪಾಸು ಮುಟ್ಟಿತು.

1945ರ ಹಡಗನ್ನು ಕಟ್ಟುವವನು ಈ ನಳಿಗೆಗಳನ್ನು ಚಿಮುಟದಲ್ಲಿ ಹಿಡಿದು ಒಂದೊಂದಾಗಿ ಅಂಟಿಸುತ್ತ ಅನೇಕ ರಾತ್ರಿಗಳನ್ನು ಕಳೆಯುತ್ತಾನೆ. ನಡುವಿನ ಗೋಪುರದ ಸುತ್ತ ಮುಳ್ಳುಪೊದೆಯಂತೆ ಅವು ದಟ್ಟವಾಗುತ್ತ ಹೋಗುತ್ತವೆ. ಆ ದಟ್ಟಣೆಯನ್ನು ಭಯ ಎಂದು ಓದಬೇಕು. ದೊಡ್ಡ ಫಿರಂಗಿಯೇ ಸಮುದ್ರವನ್ನು ಆಳುತ್ತದೆ ಎಂಬ ನಂಬಿಕೆಯಿಂದ ಹುಟ್ಟಿದ ಹಡಗು, ಆ ನಂಬಿಕೆ ಸುಳ್ಳಾಯಿತೆಂಬುದನ್ನು ತನ್ನ ಮೈಮೇಲೆಯೇ ಬರೆದುಕೊಂಡಿದೆ. ಯಾವ ಸೇನಾಧಿಕಾರಿಯ ಹೇಳಿಕೆಗಿಂತಲೂ ಸ್ಪಷ್ಟವಾದ ಒಪ್ಪಿಗೆ ಅದು. ದಂಡಿ ಗೆಲ್ಲುವುದು ಇಲ್ಲಿ. ಇದ್ದದ್ದನ್ನು ಇದ್ದಂತೆ, ಒಂದನ್ನೂ ಬಿಡದೆ ಹೇಳಿದಾಗ ಆ ನಿಷ್ಠೆಯಿಂದಲೇ ಹೇಳದ್ದೂ ಹೊಳೆಯುತ್ತದೆ.

ಆದರೂ ಮಾದರಿಗೆ ದಾಟಲಾಗದ ಗೆರೆಯೊಂದಿದೆ. ಆ ಗೆರೆಯಾಚೆ ಯೊಶಿದಾ ಮಿತ್ಸುರುವಿನ ‘ಯುದ್ಧನೌಕೆ ಯಮಾತೊದ ಕೊನೆ’ ಇದೆ. ಕಾನೂನು ವಿದ್ಯಾರ್ಥಿಯಾಗಿದ್ದು, ರೇಡಾರ್ ವಿಭಾಗದ ಕಿರಿಯ ಅಧಿಕಾರಿಯಾಗಿ ಆ ಹಡಗಿನಲ್ಲಿದ್ದು, ಬದುಕಿ ಬಂದವನು ಯೊಶಿದಾ. ಯುದ್ಧ ಮುಗಿದ ವರ್ಷವೇ, ಇಪ್ಪತ್ತೆರಡರ ವಯಸ್ಸಿನಲ್ಲಿ, ಹಳೆಯ ಗ್ರಾಂಥಿಕ ಶೈಲಿಯಲ್ಲಿ ಇದನ್ನು ಬರೆದ. ಅಮೆರಿಕದ ಆಡಳಿತದ ಸೆನ್ಸಾರ್ ತಡೆದದ್ದರಿಂದ ಪೂರ್ಣ ಪಠ್ಯ ಹೊರಬಂದದ್ದು 1952ರಲ್ಲಿ. ಈ ಪುಸ್ತಕದಲ್ಲಿ ತರುಣ ಅಧಿಕಾರಿಗಳು ತಾವು ಯಾತಕ್ಕಾಗಿ ಸಾಯಲು ಹೊರಟಿದ್ದೇವೆ ಎಂದು ಜಗಳವಾಡುತ್ತಾರೆ. ಸೋತ ಮೇಲಾದರೂ ದೇಶ ಎಚ್ಚರಗೊಂಡೀತು, ನಾವು ಅದಕ್ಕೆ ಮೊದಲಿಗರು ಎಂದು ಒಬ್ಬ ವಾದಿಸುತ್ತಾನೆ. ಒಪ್ಪದವರೂ ಇದ್ದಾರೆ. ಹಡಗು ನಡೆಯುತ್ತಲೇ ಇರುತ್ತದೆ.

ಈ ಪುಸ್ತಕ ಮಾದರಿಯಷ್ಟು ಕರಾರುವಾಕ್ಕಲ್ಲ. ನೀರಿಗೆ ಬಿದ್ದವರನ್ನು ಎತ್ತಿಕೊಳ್ಳುವ ದೋಣಿಯ ಒಂದು ಭೀಕರ ಪ್ರಸಂಗ ಹಾಗೆ ನಡೆಯಲೇ ಇಲ್ಲವೆಂದು ಆ ಕಾರ್ಯಾಚರಣೆಯಲ್ಲಿದ್ದವರು ಆಕ್ಷೇಪಿಸಿದ್ದಾರೆ. ವಿಮರ್ಶಕ ಅದನ್ನು ಮರೆಮಾಚಬಾರದು. ಆದರೆ ಎರಡು ಬಗೆಯ ನಿಖರತೆಗಳಿರುವುದನ್ನೂ ಮರೆಯಬಾರದು. ಮಾದರಿ ಕಟ್ಟುವವರು ಬಣ್ಣದ ಬಗ್ಗೆ ಗಂಟೆಗಟ್ಟಲೆ ಚರ್ಚಿಸುತ್ತಾರೆ. ಕುರೆಯ ಕಾರ್ಖಾನೆ ಬಳಿಯುತ್ತಿದ್ದ ಬೂದು ಬೇರೆ, ಸಾಸೆಬೊ ಕಾರ್ಖಾನೆಯದು ಬೇರೆ. ತಾಮಿಯಾ ಕಂಪನಿ ಎರಡಕ್ಕೂ ಬೇರೆ ಬೇರೆ ಡಬ್ಬಿ ಮಾರುತ್ತದೆ. ಇಂಥ ಪ್ರಶ್ನೆಗೆ ಉತ್ತರ ಸಿಕ್ಕರೆ ಅದು ಮುಗಿಯುತ್ತದೆ. ಯೊಶಿದಾನ ಅಧಿಕಾರಿಗಳ ಪ್ರಶ್ನೆ ಮುಗಿಯುವಂಥದ್ದಲ್ಲ. ಮಾದರಿಯಲ್ಲಿ ‘ಹೀಗಿತ್ತು’ ಎಂಬ ವಾಕ್ಯವಿದೆ. ‘ಹೀಗೇಕಾಯಿತು’ ಎಂಬ ವಾಕ್ಯವನ್ನು ಕಟ್ಟಲು ಅದರ ವ್ಯಾಕರಣದಲ್ಲಿ ಜಾಗವಿಲ್ಲ.

ಇದೇ ತಾಮಿಯಾ 1960ರಲ್ಲಿ ತಯಾರಿಸಿದ ಮೊದಲ ಪ್ಲಾಸ್ಟಿಕ್ ಮಾದರಿ ಯಮಾತೊದ್ದೇ, 800ನೇ ಒಂದು ಅಳತೆಯದು. ಮುಳುಗಿ ಹದಿನೈದು ವರ್ಷಕ್ಕೆ ಹಡಗು ಹುಡುಗರ ಕೈಯ ಆಟಿಕೆಯಾಯಿತು. 1974ರ ಹೊತ್ತಿಗೆ ಟೆಲಿವಿಷನ್ನಿನ ಕಾರ್ಟೂನ್ ಸರಣಿಯಲ್ಲಿ ಅದು ಎದ್ದು ಬಾಹ್ಯಾಕಾಶಕ್ಕೂ ಹಾರಿತು. ಇದನ್ನು ಮರೆವು ಎಂದು ಕರೆಯುವುದು ಸುಲಭ. ಆದರೆ ಸೋತ ಜನ ತಮ್ಮ ಸೋಲನ್ನು ಕೈಯಲ್ಲಿ ಹಿಡಿಯಲು ಅದು ಅಷ್ಟು ಚಿಕ್ಕದಾಗಲೇಬೇಕಿತ್ತೇನೋ. ಮಕ್ಕಳ ಆಟಿಕೆಯಲ್ಲಿ ಹಿರಿಯರ ಮಾತಾಡದ ದುಃಖ ಇರಬಾರದೆಂದೇನಿಲ್ಲ. ಅಪಾಯವಿರುವುದು ಚಿಕ್ಕದಾಗುವುದರಲ್ಲಲ್ಲ. ಚಿಕ್ಕದಾದದ್ದನ್ನೇ ಇಡಿ ಎಂದು ನಂಬಿ ಎದೆಯುಬ್ಬಿಸುವುದರಲ್ಲಿ.

ಅದಕ್ಕೆ ಮದ್ದು ಕುರೆಯ ಆ ಸಂಗ್ರಹಾಲಯದಲ್ಲಿಯೇ ಇದೆ. ಹಡಗು ಹೊರಡುವ ಮೊದಲು ನಾವಿಕರು ಮನೆಗೆ ಬರೆದ ಕೊನೆಯ ಪತ್ರಗಳನ್ನು ಅಲ್ಲಿ ಇಟ್ಟಿದ್ದಾರೆ. ಅವನ್ನು ಯಾರೂ ಹತ್ತರಲ್ಲಿ ಒಂದಾಗಿಸಿಲ್ಲ. ಬರೆದವನ ಕೈ ಎಷ್ಟು ದೊಡ್ಡದಿತ್ತೋ ಅಕ್ಷರವೂ ಅಷ್ಟೇ ದೊಡ್ಡದು. ಒಂದೇ ಸೂರಿನಡಿ ಎರಡು ಅಳತೆಗಳಿವೆ, ಒಂದನ್ನು ಬಿಟ್ಟು ಇನ್ನೊಂದನ್ನು ಓದಲಾಗದು. ಪತ್ರಗಳನ್ನು ನೋಡಿದವನು ಮತ್ತೆ ಆ ಹಡಗಿನ ಬಳಿ ಬಂದರೆ ಮೇಲಿನ ಮಹಡಿಗೆ ಹತ್ತಬೇಕಿಲ್ಲ. ಕೆಳಗೇ, ಡೆಕ್ಕಿನ ಮಟ್ಟಕ್ಕೆ ಕಣ್ಣು ತಂದು ನಿಂತರೆ ಸಾಕು.