ನಾಯಿಯ ವಿಮೆ: ಕಟ್ಟುವ ಮುನ್ನ, ಕೇಳುವ ಹೊತ್ತಿಗೆ

ಭಾರತದಲ್ಲಿ ಸಾಕುನಾಯಿಯ ವಿಮೆ ಮೊದಲು ಬಂದದ್ದು ದನದ ವಿಮೆಯ ಅಚ್ಚಿನಲ್ಲಿ. ಸರಕಾರಿ ವಿಮಾ ಕಂಪನಿಗಳು ಹಸು, ಎಮ್ಮೆ, ಕುರಿಗಳಿಗೆ ಕೊಡುತ್ತಿದ್ದ ಪಾಲಿಸಿಗಳ ಸಾಲಿನಲ್ಲೇ ನಾಯಿಯದೂ ಒಂದಿತ್ತು. ಅಪಘಾತದಿಂದಲೋ ರೋಗದಿಂದಲೋ ನಾಯಿ ಸತ್ತರೆ ಅದರ ಬೆಲೆಯಷ್ಟು ಹಣ ಕೊಡುವುದು ಆ ಪಾಲಿಸಿಯ ತಿರುಳು. ಹಸುವಿನ ಮಟ್ಟಿಗೆ ಈ ಲೆಕ್ಕ ಸರಿ. ಹಾಲು ಕೊಡುವ ಹಸು ರೈತನ ಬಂಡವಾಳ, ಎಷ್ಟೋ ಸಲ ಬ್ಯಾಂಕಿನ ಸಾಲದಲ್ಲಿ ತಂದದ್ದು. ಅದು ಸತ್ತರೆ ನಷ್ಟವೆಂದರೆ ಅದರ ಬೆಲೆಯೇ. ನಾಯಿಯ ಮನೆಯವರಿಗೆ ಚಿಂತೆ ಅದರ ಬೆಲೆಯದಲ್ಲ, ಚಿಕಿತ್ಸೆಯ ಬಿಲ್ಲಿನದು. ಸತ್ತ ಮೇಲೆ ಬರುವ ಹಣಕ್ಕಿಂತ ಬದುಕಿಸಲು ಬೇಕಾದ ಹಣ ಅವರಿಗೆ ಮುಖ್ಯ. ಆ ಹಣವನ್ನು ಹಳೆಯ ಪಾಲಿಸಿ ಕೊಡುತ್ತಿರಲಿಲ್ಲ.

ಬೇರೆ ದೇಶಗಳಲ್ಲಿ ಈ ವಿಮೆ ಬಹಳ ಹಿಂದೆಯೇ ಚಿಕಿತ್ಸೆಯ ದಾರಿ ಹಿಡಿಯಿತು. ಸ್ವೀಡನ್ನಿನಲ್ಲಿ 1924ರಲ್ಲಿ, ಬ್ರಿಟನ್ನಿನಲ್ಲಿ 1947ರಲ್ಲಿ ನಾಯಿಯ ಹೆಸರಿಗೆ ಮೊದಲ ಪಾಲಿಸಿ ಬಂತು. ಅಮೆರಿಕದಲ್ಲಿ ಮೊದಲ ಪಾಲಿಸಿ 1982ರಲ್ಲಿ ಟೆಲಿವಿಷನ್ನಿನ ಪ್ರಸಿದ್ಧ ನಾಯಿ ಲ್ಯಾಸಿಗೆ ಸಂದಿತು. ಸ್ವೀಡನ್ನಿನಲ್ಲಿ ಇಂದು ಬಹುಪಾಲು ನಾಯಿಗಳಿಗೆ ವಿಮೆಯಿದೆ. ಅಷ್ಟು ಮಂದಿ ಕಟ್ಟಿದಾಗ ಮಾತ್ರ ಒಬ್ಬರ ದೊಡ್ಡ ಖರ್ಚನ್ನು ಎಲ್ಲರ ಸಣ್ಣ ಕಂತುಗಳು ಹೊರಬಲ್ಲವು. ಭಾರತದಲ್ಲಿ ಹಾಗೆ ಕಟ್ಟುವವರು ಇನ್ನೂ ಕಡಿಮೆ. ಪಾಲಿಸಿಗಳಲ್ಲಿ ಷರತ್ತು ಹೆಚ್ಚು, ಮಿತಿ ಬಿಗಿ ಎನ್ನುವುದರ ಹಿಂದಿನ ಒಂದು ಕಾರಣ ಇದು.

2020ರಲ್ಲಿ ಬಜಾಜ್ ಅಲಿಯಾನ್ಸ್ ಶಸ್ತ್ರಚಿಕಿತ್ಸೆ ಮತ್ತು ಆಸ್ಪತ್ರೆವಾಸದ ಖರ್ಚು ಭರಿಸುವ ನಾಯಿ ವಿಮೆ ತಂದಿತು. ಬೇರೆ ಖಾಸಗಿ ಕಂಪನಿಗಳೂ ಹಿಂಬಾಲಿಸಿದವು, ಬೆಕ್ಕಿಗೂ ವಿಮೆ ಸಿಗತೊಡಗಿತು. ಈ ಹೊಸ ಪಾಲಿಸಿಗಳ ರಚನೆ ಹೆಚ್ಚುಕಡಿಮೆ ಒಂದೇ. ನಡುವೆ ಶಸ್ತ್ರಚಿಕಿತ್ಸೆ ಮತ್ತು ಒಳರೋಗಿ ಚಿಕಿತ್ಸೆ ಎಂಬ ಮೂಲ ರಕ್ಷಣೆ. ಸುತ್ತ, ಹೆಚ್ಚಿನ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬಹುದಾದ ಭಾಗಗಳು: ಸಾವಿನ ಪರಿಹಾರ, ಹೊರರೋಗಿ ಚಿಕಿತ್ಸೆ, ಕಳವು ಅಥವಾ ಕಾಣೆಯಾಗುವುದು, ನಾಯಿಯಿಂದ ಬೇರೆಯವರಿಗಾದ ಹಾನಿಯ ಹೊಣೆ. ಮನುಷ್ಯರ ಆರೋಗ್ಯ ವಿಮೆಯನ್ನು ಮುಂದಿಟ್ಟುಕೊಂಡು ಬರೆದಂತಿದೆ ಈ ಕಟ್ಟು. ಅದರ ದೊಡ್ಡ ದೋಷವೂ ಅಲ್ಲೇ ಇದೆ, ಏಕೆಂದರೆ ನಮ್ಮಲ್ಲಿ ನಾಯಿಗಳಿಗೆ ಚಿಕಿತ್ಸೆ ನಡೆಯುವ ಬಗೆ ಬೇರೆ.

ಕರ್ನಾಟಕದ ನಾಯಿಗಳನ್ನು ಮತ್ತೆ ಮತ್ತೆ ಕಾಡುವ ಕಾಯಿಲೆ ಉಣ್ಣೆಯಿಂದ ಹರಡುವ ಜ್ವರ. ಊರಿನಲ್ಲಿ ಎಲ್ಲರೂ ಟಿಕ್ ಫೀವರ್ ಎನ್ನುವುದು ಇದನ್ನೇ. ಬಬೇಸಿಯಾ, ಎರ್ಲಿಕಿಯಾ ಎಂಬ ಸೂಕ್ಷ್ಮಜೀವಿಗಳು ಉಣ್ಣೆ ಕಚ್ಚಿದಾಗ ರಕ್ತ ಸೇರುತ್ತವೆ. ನಾಯಿ ಊಟ ಬಿಡುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ. ಕೆಲವಕ್ಕೆ ಮೂಗಿನಲ್ಲಿ ರಕ್ತ ಬರುತ್ತದೆ. ರಕ್ತ ಪರೀಕ್ಷೆ, ನಾಲ್ಕು ವಾರ ಡಾಕ್ಸಿಸೈಕ್ಲಿನ್ ಮಾತ್ರೆ, ಬಬೇಸಿಯಾ ಇದ್ದರೆ ಚುಚ್ಚುಮದ್ದು, ನಿತ್ರಾಣವಾಗಿದ್ದರೆ ಡ್ರಿಪ್. ಈ ಡ್ರಿಪ್ಪನ್ನು ಹೆಚ್ಚಿನ ಕ್ಲಿನಿಕ್ಕುಗಳು ಹಗಲಲ್ಲಿ ಕೊಡುತ್ತವೆ. ಮನೆಯವರು ಬೆಳಿಗ್ಗೆ ನಾಯಿಯನ್ನು ಆಟೋದಲ್ಲೋ ಕಾರಿನಲ್ಲೋ ಕರೆತಂದು ಮಡಿಲಲ್ಲಿಟ್ಟುಕೊಂಡು ಎರಡು ಮೂರು ತಾಸು ಕೂರುತ್ತಾರೆ, ಸಂಜೆಗೆ ಮನೆಗೆ ಕರೆದೊಯ್ಯುತ್ತಾರೆ, ಮರುದಿನ ಮತ್ತೆ ಬರುತ್ತಾರೆ. ಐದಾರು ದಿನ ಹೀಗೇ ನಡೆಯುತ್ತದೆ. ಮನೆಯವರಿಗೆ ಇದು ಪ್ರಾಣಾಪಾಯದ ವಾರ. ಪಾಲಿಸಿಯ ಭಾಷೆಯಲ್ಲಿ ಮಾತ್ರ ಇದು ಹೊರರೋಗಿ ಚಿಕಿತ್ಸೆ. ರಾತ್ರಿ ಆಸ್ಪತ್ರೆಯಲ್ಲಿ ಇಟ್ಟುಕೊಂಡಿಲ್ಲ, ಕೊಯ್ದಿಲ್ಲ. ಮೂಲ ರಕ್ಷಣೆ ಮಾತ್ರ ಕೊಂಡವರಿಗೆ ಏನೂ ಸಿಗದು. ರಾತ್ರಿಯಿಡೀ ಪ್ರಾಣಿಯನ್ನು ನೋಡಿಕೊಳ್ಳುವ ಸೌಲಭ್ಯ ಬೆಂಗಳೂರಿನಂಥ ಕಡೆ ಬೆಳೆದಿದೆ. ತಾಲ್ಲೂಕು ಕೇಂದ್ರಗಳಲ್ಲಿ ಅದು ವಿರಳ.

ಹೊರರೋಗಿ ಚಿಕಿತ್ಸೆಯ ಭಾಗ ಸೇರಿಸಿಕೊಳ್ಳದ ನಾಯಿ ವಿಮೆ ಇಲ್ಲಿನ ಅತಿ ಸಾಮಾನ್ಯ ಕಾಯಿಲೆಗೇ ಕುರುಡಾಗಿರುತ್ತದೆ. ಆದ್ದರಿಂದ ಪಾಲಿಸಿ ತೂಗಿನೋಡುವವರು ಮೊದಲು ಹುಡುಕಬೇಕಾದದ್ದು ಒಟ್ಟು ವಿಮಾ ಮೊತ್ತವನ್ನಲ್ಲ. ಹೊರರೋಗಿ ಚಿಕಿತ್ಸೆ ಇದೆಯೇ, ವರ್ಷಕ್ಕೆ ಅದರ ಮಿತಿ ಎಷ್ಟು, ಪರೀಕ್ಷೆಗಳ ಶುಲ್ಕ ಅದರೊಳಗೆ ಸೇರುತ್ತದೆಯೇ ಎಂಬುದನ್ನು. ಮುಖಪುಟದ ದೊಡ್ಡ ಅಂಕಿಗಿಂತ ಒಳಪುಟದ ಈ ಚಿಕ್ಕ ಅಂಕಿ ಹೆಚ್ಚು ನಿಜ ಹೇಳುತ್ತದೆ.

ಮೂಲ ರಕ್ಷಣೆ ನಿಜವಾಗಿ ಕೈಹಿಡಿಯುವ ಸಂದರ್ಭಗಳೂ ಇವೆ. ಜರ್ಮನ್ ಶೆಪರ್ಡ್, ಗ್ರೇಟ್ ಡೇನ್‌ಗಳಂಥ ಆಳ ಎದೆಯ ದೊಡ್ಡ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವುದುಂಟು. ಕೆಲವೇ ತಾಸಿನೊಳಗೆ ಶಸ್ತ್ರಚಿಕಿತ್ಸೆಯಾಗದಿದ್ದರೆ ನಾಯಿ ಉಳಿಯದು. ಸಂತಾನಹರಣ ಮಾಡಿಸದ ಹೆಣ್ಣುನಾಯಿಗಳಲ್ಲಿ ಗರ್ಭಕೋಶ ಕೀವು ತುಂಬಿ ಅದನ್ನು ತೆಗೆಯಲೇಬೇಕಾಗುತ್ತದೆ. ರಸ್ತೆಯಲ್ಲಿ ವಾಹನ ಬಡಿದು ಕಾಲು ಮುರಿಯುತ್ತದೆ. ಬೇಸಿಗೆಯಲ್ಲಿ ಮಾವಿನ ಗೊರಟೆ ನುಂಗಿ ಕರುಳು ಕಟ್ಟಿಕೊಂಡ ನಾಯಿಯನ್ನು ಕಾಣದ ಪಶುವೈದ್ಯರು ಕಡಿಮೆ. ಇಂಥ ಖರ್ಚು ಒಂದೇ ದಿನ, ಒಂದೇ ಗಂಟಾಗಿ ಬರುತ್ತದೆ. ವಿಮೆ ಇರುವುದೇ ಅದಕ್ಕೆ. ಅದೇ ಲ್ಯಾಬ್ರಡಾರಿನ ಸೊಂಟದ ಕೀಲಿನ ದೋಷದಂಥ ವಂಶದಿಂದ ಬಂದ ತೊಂದರೆಗಳನ್ನು ಎಷ್ಟೋ ಪಾಲಿಸಿಗಳು ಹೊರಗಿಡುತ್ತವೆ. ಪಾಲಿಸಿ ಕೊಳ್ಳುವ ಮೊದಲೇ ಇದ್ದ ಕಾಯಿಲೆ, ಕಾಯುವ ಅವಧಿಯೊಳಗೆ ಬಂದ ಕಾಯಿಲೆ, ಹೆರಿಗೆ, ಹಲ್ಲು ಶುಚಿಗೊಳಿಸುವುದು, ಲಸಿಕೆ ಇವೂ ಸಾಮಾನ್ಯವಾಗಿ ಹೊರಗೆ.

ನಾಡುನಾಯಿ ಸಾಕಿದವರಿಗೆ ಇನ್ನೊಂದು ತೊಡಕು. ನಾಯಿಯ ಮಾರುಕಟ್ಟೆ ಬೆಲೆಗೆ ವಿಮಾ ಮೊತ್ತವನ್ನು ಕಟ್ಟಿಹಾಕಿದ ಕಡೆ ಬೀದಿಯಿಂದ ತಂದ ಮರಿಗೆ ಬೆಲೆಯೇ ಇಲ್ಲ. ತಳಿಪತ್ರ, ಖರೀದಿಯ ರಸೀದಿ ಇದ್ದ ನಾಯಿಗೆ ಮೊತ್ತ ಸಲೀಸು. ಮುಧೋಳ ತಾಲ್ಲೂಕಿನ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ದಾಖಲೆಯೊಂದಿಗೆ ತಂದ ಮುಧೋಳ ಮರಿಗೂ ಆಧಾರ ತೋರಿಸಬಹುದು. ಮುರಿದ ಕಾಲನ್ನು ಕೂಡಿಸುವ ಖರ್ಚು ಮಾತ್ರ ಎರಡಕ್ಕೂ ಒಂದೇ. ಬೆಲೆಯ ಬದಲು ನಾಯಿಯ ಗಾತ್ರ ಮತ್ತು ವಯಸ್ಸನ್ನು ನೋಡುವ ಪಾಲಿಸಿಗಳೂ ಈಗ ಇವೆ. ನಾಡುನಾಯಿಯ ಮನೆಯವರು ಅಂಥವನ್ನೇ ಹುಡುಕಬೇಕು.

ಬಹಳ ಜನ ಕಡೆಗಣಿಸುವ, ಆದರೆ ಅಗ್ಗವೂ ಉಪಯುಕ್ತವೂ ಆದ ಭಾಗ ಹೊಣೆಗಾರಿಕೆಯದು. ನಾಯಿ ದಾರಿಹೋಕರನ್ನು ಕಚ್ಚಿದರೆ, ಅದು ಅಡ್ಡ ಬಂದು ಸ್ಕೂಟರಿನವರು ಬಿದ್ದರೆ, ಪರಿಹಾರ ಎಷ್ಟಾದೀತೆಂದು ಮೊದಲೇ ಹೇಳಲಾಗದು. ಚಿಕಿತ್ಸೆಯ ಬಿಲ್ಲಿಗೆ ಒಂದು ಮೇಲ್ಮಿತಿ ಇದ್ದೀತು, ಇದಕ್ಕಿಲ್ಲ. ಆದರೆ ಶಿಕ್ಷೆಯಿಂದ ಯಾವ ಪಾಲಿಸಿಯೂ ಕಾಪಾಡದು. ಪ್ರಾಣಿಯನ್ನು ಅಜಾಗರೂಕತೆಯಿಂದ ಬಿಟ್ಟವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು ಆರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ.

ಇನ್ನು ಲಾಭನಷ್ಟದ ಲೆಕ್ಕ. ಉದಾಹರಣೆಗೆ ವರ್ಷಕ್ಕೆ 5,000 ರೂಪಾಯಿ ಪ್ರೀಮಿಯಂ, 50,000 ರೂಪಾಯಿ ವಿಮಾ ಮೊತ್ತ, ಪ್ರತಿ ಬಿಲ್ಲಿನಲ್ಲಿ ಶೇಕಡಾ 20 ಮನೆಯವರ ಪಾಲು ಎಂದು ಇಟ್ಟುಕೊಳ್ಳಬಹುದು. ಎಂಟು ವರ್ಷಕ್ಕೆ ಕಟ್ಟುವುದು 40,000. ಆ ನಡುವೆ 35,000 ರೂಪಾಯಿಯ ಒಂದು ಶಸ್ತ್ರಚಿಕಿತ್ಸೆಯಾದರೆ ಕೈಗೆ ಬರುವುದು 28,000. ಏನೂ ಆಗದಿದ್ದರೆ ಸೊನ್ನೆ. ಅದರ ಬದಲು ತಿಂಗಳಿಗೆ 500 ರೂಪಾಯಿಯಂತೆ ಆರ್‌ಡಿ ಕಟ್ಟಿದರೆ ಎಂಟು ವರ್ಷಕ್ಕೆ ಬಡ್ಡಿ ಬಿಟ್ಟೇ 48,000 ಆಗುತ್ತದೆ. ಯಾವ ಷರತ್ತೂ ಇಲ್ಲ, ಉಣ್ಣೆ ಜ್ವರಕ್ಕೂ ಬಳಸಬಹುದು. ಮೇಲ್ನೋಟಕ್ಕೆ ಉಳಿತಾಯವೇ ಗೆಲ್ಲುತ್ತದೆ. ಆದರೆ ನಾಯಿಗೆ ವಾಹನ ಬಡಿಯುವುದು ಎಂಟನೆಯ ವರ್ಷದಲ್ಲೇ ಎಂದೇನಿಲ್ಲ. ಎಂಟನೆಯ ತಿಂಗಳಲ್ಲಿ ಆದರೆ ಆರ್‌ಡಿಯಲ್ಲಿರುವುದು 4,000 ಮಾತ್ರ, ಪಾಲಿಸಿಯಲ್ಲಿ ಪೂರ್ತಿ ಮೊತ್ತ. ವಿಮೆಯ ನಿಜವಾದ ಬೆಲೆ ಈ ಮೊದಲ ವರ್ಷಗಳಲ್ಲಿದೆ. ನಾಯಿ ಮುದಿಯಾದಂತೆ ಪ್ರೀಮಿಯಂ ಏರುತ್ತದೆ, ಇಂತಿಷ್ಟು ವಯಸ್ಸಾದ ಮೇಲೆ ಕಂಪನಿ ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ. ಮೂತ್ರಪಿಂಡ, ಹೃದಯ, ಗಂತಿಗಳ ತೊಂದರೆ ತಲೆಯೆತ್ತುವುದು ಆಗಲೇ. ಮುಪ್ಪಿಗೆ ವಿಮೆಯನ್ನು ನಂಬಿ ಕೂರುವಂತಿಲ್ಲ, ಉಳಿತಾಯವೇ ಬೇಕು.

ಮತ್ತೂ ಒಂದು ಸಂಗತಿಯನ್ನು ಮಾರುವವರು ಒತ್ತಿ ಹೇಳುವುದಿಲ್ಲ. ಇಲ್ಲಿನ ನಾಯಿ ವಿಮೆ ಬಹುಪಾಲು ಮೊದಲು ಖರ್ಚು ಮಾಡಿ ಆಮೇಲೆ ಪಡೆಯುವ ಬಗೆಯದು. ರಾತ್ರಿ ಹನ್ನೊಂದಕ್ಕೆ ಶಸ್ತ್ರಚಿಕಿತ್ಸೆಗೆ ಹಣ ಕಟ್ಟಬೇಕಾದವರು ಮನೆಯವರೇ. ಕೈಯಲ್ಲಿ ಹಣವೇ ಇಲ್ಲದವರಿಗೆ ಪಾಲಿಸಿ ಆ ರಾತ್ರಿ ನೆರವಾಗದು. ಆದ್ದರಿಂದ ತೀರ್ಪು ಹೀಗೆ: ದೊಡ್ಡ ತಳಿಯ ಎಳೆಯ ನಾಯಿ, ರಸ್ತೆಗೆ ಹೋಗುವ ಅಭ್ಯಾಸ, ಖಾಸಗಿ ಆಸ್ಪತ್ರೆಯೇ ಗತಿಯಾದ ನಗರ, ಇನ್ನೂ ಉಳಿತಾಯ ಬೆಳೆಯದ ಮನೆ, ಇವು ಕೂಡಿದ ಕಡೆ ಹೊರರೋಗಿ ಮತ್ತು ಹೊಣೆಗಾರಿಕೆಯ ಭಾಗಗಳೊಂದಿಗೆ ಮೊದಲ ನಾಲ್ಕೈದು ವರ್ಷ ವಿಮೆ ಕಟ್ಟುವುದು ಒಳ್ಳೆಯದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಂಥ ಕಡೆ ಕಡಿಮೆ ವೆಚ್ಚದಲ್ಲಿ ಚಿಕಿತ್ಸೆ ಪಡೆಯಬಲ್ಲವರಿಗೆ, ಐವತ್ತು ಸಾವಿರ ಬದಿಗಿಟ್ಟಿರುವವರಿಗೆ, ಎಂಟು ವರ್ಷ ದಾಟಿದ ನಾಯಿಯವರಿಗೆ ಅದು ಅಗತ್ಯವಲ್ಲ.

ಕ್ಲೇಮಿನ ಗೆಲುವು ಸೋಲು ತೀರ್ಮಾನವಾಗುವುದು ಕಾಯಿಲೆ ಬಂದ ದಿನವಲ್ಲ, ಅದಕ್ಕೂ ಎಷ್ಟೋ ಮೊದಲು. ದನದ ವಿಮೆಯಲ್ಲಿ ಕಿವಿಯ ಟ್ಯಾಗ್ ಇಲ್ಲದಿದ್ದರೆ ಪರಿಹಾರವಿಲ್ಲ ಎಂಬ ಮಾತು ಹಳ್ಳಿಹಳ್ಳಿಗೂ ಗೊತ್ತು. ನಾಯಿಗೆ ಟ್ಯಾಗಿನ ಕೆಲಸ ಮಾಡುವುದು ಭುಜದ ನಡುವೆ ಚರ್ಮದಡಿ ಸೇರಿಸುವ, 15 ಅಂಕಿಗಳ ಸಂಖ್ಯೆ ಹೊತ್ತ ಮೈಕ್ರೋಚಿಪ್ಪು. ವಿಮೆ ಮಾಡಿಸಿದ ನಾಯಿಯೇ ಚಿಕಿತ್ಸೆ ಪಡೆದದ್ದು ಎಂದು ತೋರಿಸಲು ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಚಿಪ್ಪು ಇದ್ದರೆ ಪ್ರೀಮಿಯಂನಲ್ಲಿ ರಿಯಾಯಿತಿ ಕೊಡುವ ಕಂಪನಿಗಳೂ ಇವೆ. ಎರಡನೆಯ ಸಾಕ್ಷಿ ಲಸಿಕೆಯ ಪುಸ್ತಕ. ರೇಬೀಸ್, ಡಿಸ್ಟೆಂಪರ್, ಪಾರ್ವೊ, ಇಲಿಜ್ವರಗಳಿಗೆ ಲಸಿಕೆ ಹಾಕಿಸದೆ ಆ ಕಾಯಿಲೆಯ ಕ್ಲೇಮು ಕೇಳಿದರೆ ಸಿಗದು. ಪ್ರತಿ ಲಸಿಕೆಯ ಎದುರು ಸೀಸೆಯ ಚೀಟಿ, ತಾರೀಖು, ವೈದ್ಯರ ಸಹಿ, ಮೊಹರು, ನೋಂದಣಿ ಸಂಖ್ಯೆ ಇರಬೇಕು. ಆತುರದಲ್ಲಿ ಹಾಕಿಸಿ ಬರೆಸದೆ ಬಂದ ಲಸಿಕೆ ಕಾಗದದ ಮಟ್ಟಿಗೆ ಹಾಕಿಸದ ಲಸಿಕೆಯೇ.

ಪಾಲಿಸಿ ಕೊಳ್ಳುವಾಗ ಹಿಂದಿನ ಕಾಯಿಲೆ ಮುಚ್ಚಿಡುವುದು ದೊಡ್ಡ ತಪ್ಪು. ಕ್ಲೇಮು ಬಂದಾಗ ಕಂಪನಿ ಹಳೆಯ ಚೀಟಿಗಳನ್ನು ಕೇಳುತ್ತದೆ, ಒಂದು ಸಾಲು ಸಾಕು ಎಲ್ಲ ತಿರಸ್ಕಾರವಾಗಲು. ಚಿಕಿತ್ಸೆ ಶುರುವಾದ ಕೂಡಲೇ ಕಂಪನಿಗೆ ತಿಳಿಸಿ ಕ್ಲೇಮಿನ ಸಂಖ್ಯೆ ಪಡೆಯಬೇಕು. ವೈದ್ಯರ ಚೀಟಿಯಲ್ಲಿ ನಾಯಿಯ ಹೆಸರು, ಚಿಪ್ಪಿನ ಸಂಖ್ಯೆ, ರೋಗದ ಹೆಸರು, ಅದು ಎಂದಿನಿಂದ ಎಂಬುದು ಇರಬೇಕು. ‘ಬಹಳ ದಿನದಿಂದ’ ಎಂದು ಬರೆದ ಎರಡು ಪದ ಹೊಸ ಕಾಯಿಲೆಯನ್ನು ಹಳೆಯದಾಗಿಸಿಬಿಡುತ್ತವೆ. ನಿಜವಾದ ದಿನ ಹೇಳಿ ಬರೆಸಿಕೊಳ್ಳುವುದು ಮನೆಯವರ ಹಕ್ಕು. ಔಷಧ, ಪರೀಕ್ಷೆ, ಶಸ್ತ್ರಚಿಕಿತ್ಸೆಯ ಬಿಲ್ಲುಗಳು ಬೇರೆ ಬೇರೆಯಾಗಿರಲಿ. ಬಿಡುಗಡೆಯ ಸಾರಾಂಶ, ಪರೀಕ್ಷಾ ವರದಿ, ಎಕ್ಸ್‌ರೇ ಎಲ್ಲದರ ಪ್ರತಿ ಇಟ್ಟುಕೊಂಡೇ ಮೂಲವನ್ನು ಕಳಿಸಬೇಕು.

ಸಾವಿನ ಪರಿಹಾರದ ಕ್ಲೇಮು ಎಲ್ಲಕ್ಕಿಂತ ಕಠಿಣ. ಮಕ್ಕಳಂತೆ ಬೆಳೆಸಿದ ನಾಯಿ ಕಣ್ಣು ಮುಚ್ಚಿದರೆ ಮನೆಯವರು ಆ ರಾತ್ರಿಯೇ ಹಿತ್ತಿಲಲ್ಲಿ ಗುಂಡಿ ತೋಡಿ ಮಣ್ಣು ಮಾಡುತ್ತಾರೆ. ಆ ದುಃಖದಲ್ಲಿ ಕಾಗದದ ನೆನಪಾಗದಿರುವುದು ಸಹಜ, ಆದರೆ ಹೂಳಿದ ಮೇಲೆ ಸಾಕ್ಷಿ ಹೋಯಿತು. ವೈದ್ಯರ ಮರಣ ಪ್ರಮಾಣಪತ್ರ, ಫೋಟೋ, ಕಂಪನಿ ಕೇಳಿದರೆ ಮರಣೋತ್ತರ ಪರೀಕ್ಷೆ, ಇವೆಲ್ಲ ಮೊದಲು ಆಗಬೇಕು. ನರಳುವ ನಾಯಿಗೆ ದಯಾಮರಣ ಕೊಡಿಸುವಾಗಲೂ ವೈದ್ಯರಿಂದ ಕಾರಣ ಬರೆಸಿ, ಕಂಪನಿಗೆ ಮುಂಚಿತವಾಗಿ ತಿಳಿಸುವುದು ಕ್ಷೇಮ. ಕಳವಾದರೆ ಪೊಲೀಸ್ ದೂರಿನ ಪ್ರತಿ ಬೇಕು.

ತಿರಸ್ಕಾರದ ಪತ್ರ ಬಂದರೆ ಅಲ್ಲಿಗೆ ಮುಗಿಯಲಿಲ್ಲ. ಯಾವ ಷರತ್ತಿನಡಿ ತಿರಸ್ಕರಿಸಿದರೆಂದು ಬರಹದಲ್ಲಿ ಕೇಳಿ ಪಡೆದು, ಅದನ್ನು ಪಾಲಿಸಿಯ ಮೂಲ ಸಾಲಿನೊಂದಿಗೆ ಹೋಲಿಸಬೇಕು. ವೈದ್ಯರಿಂದ ಒಂದು ಸ್ಪಷ್ಟನೆಯ ಪತ್ರ ಸೇರಿಸಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ವಿಮಾ ನಿಯಂತ್ರಣ ಪ್ರಾಧಿಕಾರದ ‘ಬಿಮಾ ಭರೋಸಾ’ದಲ್ಲೂ ದೂರು ದಾಖಲಿಸಬಹುದು, ಸಹಾಯವಾಣಿ 155255. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಕರ್ನಾಟಕಕ್ಕೆಲ್ಲ ಸೇರಿದ ಒಂಬುಡ್ಸ್‌ಮನ್ ಕಚೇರಿ ಬೆಂಗಳೂರಿನ ಜೆ.ಪಿ. ನಗರ ಒಂದನೆಯ ಹಂತದ ಜೀವನ ಸೌಧದಲ್ಲಿದೆ.