ಪ್ರಮಾದವೂ ಹಿಂಸೆಯೇ: ‘ಮಾಸ್ತಿಗುಡಿ’ಯನ್ನು ಕುರಿತು

೨೦೧೬ರ ನವೆಂಬರ್ ೭ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ಯ ಚಿತ್ರೀಕರಣಕ್ಕಾಗಿ ಹೆಲಿಕಾಪ್ಟರಿನಿಂದ ಧುಮುಕಿದ ನಟರಾದ ಅನಿಲ್, ಉದಯ್ ಮುಳುಗಿ ಮೃತರಾದರು, ಅವರು ರಕ್ಷಾಕವಚ ತೊಟ್ಟಿರಲಿಲ್ಲ. ಹುಲಿಯ ರಕ್ಷಣೆಯನ್ನು ಸಾರುವ ಈ ಚಿತ್ರವನ್ನು ಆಳಂದ, ಅಫಜಲಪುರ, ಜೇವರ್ಗಿಗಳ ಶ್ರಾವಕರೂ ನೋಡಿರಬಹುದು. ಮೃಗಕ್ಕೆ ತೋರಿದ ಕರುಣೆ ಸಹನಟರಿಗೆ ದೊರೆಯದಿದ್ದುದೇ ಅದರ ದೊಡ್ಡ ದೋಷ.

೨೦೨೧ರಲ್ಲಿ ಅಮೆರಿಕದ ‘ರಸ್ಟ್’ ಚಿತ್ರೀಕರಣದಲ್ಲಿಯೂ ನಟನ ಕೈಯ ಬಂದೂಕಿನಿಂದ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಹತರಾದರು. ಆಯುಧಗಳ ಉಸ್ತುವಾರಿ ಹೊತ್ತವಳಿಗೆ ೨೦೨೪ರಲ್ಲಿ ೧೮ ತಿಂಗಳ ಸೆರೆವಾಸವಾಯಿತು. ನಟನ ಮೇಲಿನ ಮೊಕದ್ದಮೆ ವಜಾ ಆಯಿತು.

ಕೊಲ್ಲುವ ಸಂಕಲ್ಪ ಎರಡೂ ಕಡೆ ಇರಲಿಲ್ಲ, ನಿಜ. ಆದರೆ ತತ್ತ್ವಾರ್ಥಸೂತ್ರದ ದೃಷ್ಟಿಯಲ್ಲಿ ಪ್ರಮಾದದಿಂದಾದ ಪ್ರಾಣಹಾನಿ ಹಿಂಸೆಯೇ. ಆಯುಧವನ್ನು ಪರರ ಕೈಗೀಯುವ ಹಿಂಸಾದಾನವೋ ಶ್ರಾವಕನಿಗೆ ವರ್ಜ್ಯವಾದ ಅನರ್ಥದಂಡ. ಗುಂಡು ಪರೀಕ್ಷಿಸದೆ ಬಂದೂಕು ಕೊಟ್ಟವರಿಗೂ, ದೋಣಿ ಸಿದ್ಧವಿಲ್ಲದೆ ಜಿಗಿಯಲು ಹೇಳಿದವರಿಗೂ ‘ಆಕಸ್ಮಿಕ’ವೆಂದು ಜಾರಿಕೊಳ್ಳಲು ಇಲ್ಲಿ ಎಡೆಯಿಲ್ಲ.